ಯಾರನ್ನು ಕೇಳಬೇಕು?

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಅಂಟಿಸಿದ್ದ ಕ್ಯೂಆರ್ ಹಾಳೆಗಳು ಒಂದೊಂದಾಗಿ ಕಾಣೆಯಾದವು. ಆ ಜಾಗಕ್ಕೆ ಸ್ಕೆಚ್ ಪೆನ್ನಿನಲ್ಲಿ ಬರೆದ ರಟ್ಟು ಬಂತು: ‘ನೋ ಯುಪಿಐ, ಓನ್ಲಿ ಕ್ಯಾಶ್’. ಒಂದು ಟೀಗೂ ಫೋನು ಹಿಡಿದು ಅಭ್ಯಾಸವಾಗಿದ್ದ ಐಟಿ ಹುಡುಗರು ಎಟಿಎಂ ಹುಡುಕಿಕೊಂಡು ಹೊರಟರು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕವನ್ನು ಪಾವತಿ ಕಂಪನಿಗಳಿಂದ ತರಿಸಿಕೊಂಡಿತ್ತು. ವರ್ಷಕ್ಕೆ ಸರಕು ಮಾರಾಟದಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿಯೂ ಜಿಎಸ್‌ಟಿ ನೋಂದಣಿ ಮಾಡಿಸದವರಿಗೆ ಸಾವಿರಾರು ನೋಟಿಸು ಹೋಗಿದ್ದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸಿನಲ್ಲಿ 29 ಲಕ್ಷ ರೂಪಾಯಿ ಕಟ್ಟುವಂತೆ ಬರೆದಿತ್ತು. ನಾಲ್ಕು ವರ್ಷದಲ್ಲಿ ಅವರ ಖಾತೆಗೆ 1.63 ಕೋಟಿ ಬಂದಿತ್ತು, ನಿಜ. ಆದರೆ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ.

ತೆರಿಗೆಗಳ್ಳರ ಗದ್ದಲ ಎಂದು ಇದನ್ನು ತಳ್ಳಿಹಾಕಿದವರಿದ್ದರು. ಕಲಿಯದವರ ತಂತ್ರಜ್ಞಾನದ ಭಯ ಎಂದು ಮರುಗಿದವರೂ ಇದ್ದರು. ಎರಡೂ ನನಗೆ ಸರಿ ಕಾಣಲಿಲ್ಲ. ಕಾಯ್ದೆಯ ಮಿತಿ ಮೊದಲಿನಿಂದಲೂ ಇದ್ದದ್ದೇ, ಇಲಾಖೆ ಹೊಸ ಕಾನೂನೇನೂ ಹುಟ್ಟಿಸಲಿಲ್ಲ. ಆದರೆ ಅಂಗಡಿಯವನ ಒಂದೇ ಖಾತೆಗೆ ಸಿಗರೇಟು ಮಾರಿದ ದುಡ್ಡು, ಹಾಲಿನ ದುಡ್ಡು, ಚೀಟಿ ಎತ್ತಿದ ಹಣ, ಊರಿನ ತಮ್ಮ ಕಳಿಸಿದ ಕೈಸಾಲ ಎಲ್ಲವೂ ಬಂದು ಬೀಳುತ್ತದೆ. ಸಿಗರೇಟಿನಲ್ಲಿ ವಹಿವಾಟು ದೊಡ್ಡದು, ಉಳಿಯುವುದು ಚಿಲ್ಲರೆ. ಯಂತ್ರಕ್ಕೆ ಕಂಡದ್ದು ಮೊತ್ತ ಮಾತ್ರ. ಇನ್ನೊಂದು ಸಂಗತಿಯನ್ನು ವ್ಯಾಪಾರಿಗಳು ಮರೆತಿರಲಿಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾದ ಮೇಲೆ ಇದೇ ಹಾಳೆ ಅಂಟಿಸಿಕೊಳ್ಳಿ, ದೇಶ ಮುಂದೆ ಹೋಗುತ್ತದೆ ಎಂದು ಸರ್ಕಾರ ಹೇಳಿತ್ತು. ಹೇಳಿದ್ದು ದೆಹಲಿ, ನೋಟಿಸು ಕೊಟ್ಟದ್ದು ಬೆಂಗಳೂರು ಎಂಬ ಭೇದ ಟೀ ಅಂಗಡಿಗೆ ಮುಖ್ಯವಲ್ಲ. ಅಲ್ಲಿ ಸರ್ಕಾರ ಅಂದರೆ ಒಂದೇ.

ಜುಲೈ 25ಕ್ಕೆ ಬಂದ್ ಎಂದು ವ್ಯಾಪಾರಿಗಳು ಘೋಷಿಸಿದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಬಂದ್ ನಿಂತಿತು. ಹಾಳೆಗಳು ನಿಧಾನವಾಗಿ ಮರಳಿ ಬಂದವು. ಇಡೀ ಪ್ರಕರಣದಲ್ಲಿ ಯುಪಿಐ ಕೆಟ್ಟದ್ದು ಎಂದು ಯಾರೂ ವಾದಿಸಲಿಲ್ಲ. ನೋಟಿಸು ತಪ್ಪಾಗಿದ್ದರೆ ಹೋಗಿ ಹೇಳುವುದು ಯಾರಿಗೆ, ಎಂಬುದಷ್ಟೇ ಜಗಳವಾಗಿತ್ತು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರು ದಿಕ್ಕಿನ ಜನ ತಂತ್ರಜ್ಞಾನ, ವಿಜ್ಞಾನ, ಸರ್ಕಾರದ ಬಗ್ಗೆ ಏನು ಯೋಚಿಸುತ್ತಾರೆ ಎಂದು ನೋಡಹೊರಟರೆ ಈ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುತ್ತದೆ. ಓದಿದವರು ಯಂತ್ರ ನಂಬುತ್ತಾರೆ, ಓದದವರು ಹೆದರುತ್ತಾರೆ ಎಂಬ ಗೆರೆ ಇಲ್ಲಿ ನಿಲ್ಲುವುದಿಲ್ಲ. ಯಾವ ಯಂತ್ರದ ಹಿಂದೆ ಕೇಳಿದರೆ ಉತ್ತರ ಕೊಡುವ ಮನುಷ್ಯ ಸಿಗುತ್ತಾನೋ ಅದನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ಸಿಗದ ಕಡೆ ಪಿಎಚ್‌.ಡಿ ಮಾಡಿದವರಿಗೂ ಸಿಟ್ಟಿದೆ.

ಈ ಊರುಗಳ ಹುಟ್ಟಿನಲ್ಲೇ ಸರ್ಕಾರವಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿದ್ದು ರಾಜ್ಯ ಸರ್ಕಾರದ ಕಿಯೋನಿಕ್ಸ್. ಅದರ ಹಿಂದಿದ್ದ ಕನಸು ಆರ್.ಕೆ. ಬಾಳಿಗರದು. ವೈಟ್‌ಫೀಲ್ಡಿನ ಐಟಿಪಿಎಲ್ ಸಿಂಗಪುರದ ಜತೆಗಿನ ಪಾಲುದಾರಿಕೆ. ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಆರ್ಯಭಟ ಉಪಗ್ರಹ ಜೋಡಿಸಿತು, 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಮೇಲೇರಿತು. ಸರ್ಕಾರದ ದುಡ್ಡಲ್ಲಿ ತಂತ್ರಜ್ಞಾನ ಬೆಳೆದ ಜಾಗ ಇದು. ಹಾಗಾಗಿ ಸರ್ಕಾರವೇ ಬೇಡ ಎನ್ನುವ ಅಮೆರಿಕದ ಸಿಲಿಕಾನ್ ಕಣಿವೆಯ ಗತ್ತು ಇಲ್ಲಿನ ಎಂಜಿನಿಯರುಗಳಲ್ಲಿ ಸ್ಟಾರ್ಟಪ್ ಭಾಷಣದ ಹೊತ್ತಿಗೆ ಬರುತ್ತದೆ, ರಸ್ತೆ ಗುಂಡಿ ಕಂಡ ಕೂಡಲೇ ಹೋಗುತ್ತದೆ.

ಇಂಟರ್ನೆಟ್ ಸುರಕ್ಷತೆಯ ಮಾತಿಗೆ ಬರೋಣ. ದೇಶದ ಮೊದಲ ಸೈಬರ್ ಕ್ರೈಂ ಠಾಣೆ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2023ರಲ್ಲಿ ಕರ್ನಾಟಕದಲ್ಲಿ ದಾಖಲಾದ ಸೈಬರ್ ಪ್ರಕರಣ 21,889, ಅದರಲ್ಲಿ ಬೆಂಗಳೂರು ಒಂದರದೇ 17,631. ಈ ಅಂಕಿಯನ್ನು ಕಂಡು ನಗುವವರಿದ್ದಾರೆ. ಜಗತ್ತಿಗೆ ಸಾಫ್ಟ್‌ವೇರ್ ಬರೆದುಕೊಡುವ ಊರಿಗೇ ಟೋಪಿ ಬೀಳುತ್ತದಲ್ಲ ಎಂದು. ಅಂಕಿ ಹೆಚ್ಚಿರುವುದಕ್ಕೆ ಇಲ್ಲಿನವರು ಠಾಣೆಗೆ ಹೋಗಿ ದೂರು ಕೊಡುತ್ತಾರೆ, ಠಾಣೆ ದಾಖಲಿಸಿಕೊಳ್ಳುತ್ತದೆ ಎಂಬುದೂ ಒಂದು ಕಾರಣ. ಆದರೂ ಮೋಸ ನಡೆಯುತ್ತಿರುವುದು ಸುಳ್ಳಲ್ಲ.

ಯಾವ ಮೋಸ ಎಂಬುದರಲ್ಲಿ ಸ್ವಾರಸ್ಯವಿದೆ. ಹತ್ತು ವರ್ಷದ ಹಿಂದೆ ಎಟಿಎಂ ಕಾರ್ಡು ಬ್ಲಾಕ್ ಆಗಿದೆ, ಒಟಿಪಿ ಹೇಳಿ ಎಂಬ ಕರೆ ಬರುತ್ತಿತ್ತು. ಅದಕ್ಕೆ ಬಲಿಯಾದವರನ್ನು ಪೆದ್ದರೆಂದು ಜರೆಯುವುದು ಸುಲಭವಿತ್ತು. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆಯಲ್ಲೇ ‘ಬಂಧಿಸುವ’ ‘ಡಿಜಿಟಲ್ ಅರೆಸ್ಟ್’ ಬಂದ ಮೇಲೆ ಆ ಸುಲಭ ಹೋಯಿತು. 2024ರ ಕೊನೆಯಲ್ಲಿ ಬೆಂಗಳೂರಿನ 39 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಕಳೆದುಕೊಂಡದ್ದು 11.8 ಕೋಟಿ ರೂಪಾಯಿ. 2025ರ ನವೆಂಬರಿನಲ್ಲಿ ಬೆಳಕಿಗೆ ಬಂದ ಇನ್ನೊಂದು ಪ್ರಕರಣದಲ್ಲಿ 57 ವರ್ಷದ ಮಹಿಳಾ ಉದ್ಯೋಗಿಯೊಬ್ಬರು ತಿಂಗಳುಗಟ್ಟಲೆ ವಿಡಿಯೊ ಕಣ್ಗಾವಲಿನಲ್ಲಿದ್ದು ಸುಮಾರು 32 ಕೋಟಿ ರೂಪಾಯಿ ವರ್ಗಾಯಿಸಿದ್ದರು. ಇವರು ಪಾಸ್‌ವರ್ಡ್ ಅಂದರೇನು ಎಂದು ಗೊತ್ತಿಲ್ಲದವರಲ್ಲ.

ಈ ಮೋಸದಲ್ಲಿ ಕಂಪ್ಯೂಟರ್ ವಿದ್ಯೆ ತೀರಾ ಕಡಿಮೆ. ಕರೆ ಮಾಡಿದವನು ಮಾರುವುದು ಸರ್ಕಾರವನ್ನು. ಮೊದಲು ದೂರಸಂಪರ್ಕ ನಿಯಂತ್ರಕ ಟ್ರಾಯ್ ಅಥವಾ ಕೊರಿಯರ್ ಕಂಪನಿ, ಆಮೇಲೆ ಮುಂಬೈ ಪೊಲೀಸ್, ಆಮೇಲೆ ಸಿಬಿಐ, ಕೊನೆಗೆ ರಿಸರ್ವ್ ಬ್ಯಾಂಕಿನ ‘ಪರಿಶೀಲನೆ’. ಸಮವಸ್ತ್ರ, ಹಿಂದೆ ಲಾಂಛನ, ಮೊಹರು ಹಾಕಿದ ಆದೇಶ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯೇ ಹೇಳಿದರು. ಅಂದು ಕೇಳಿಸಿದ್ದು ನಮ್ಮ ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಕರೆ. ಆಮೇಲೂ ಜನ ಬಿದ್ದರು. ಬೀಳದೆ ಏನು? ಆಧಾರ್ ಯಾವ ಯಾವ ಕಡೆ ಹೋಗಿದೆಯೋ ಗೊತ್ತಿಲ್ಲ, ಅದರಿಂದ ಯಾರೋ ಖಾತೆ ತೆರೆದಿರಲು ಸಾಧ್ಯ. ಪೊಲೀಸರು ಮನಸ್ಸು ಮಾಡಿದರೆ ಏನು ಬೇಕಾದರೂ ಮಾಡಬಲ್ಲರು. ಎದುರು ಮಾತಾಡಿದರೆ ಕೇಸು ಇನ್ನೂ ಬಿಗಿಯಾಗುತ್ತದೆ. ಯಾರಿಗೂ ಹೇಳದೆ ‘ಸೆಟಲ್’ ಮಾಡಿಕೊಳ್ಳುವುದೇ ಜಾಣತನ. ಈ ನಾಲ್ಕು ನಂಬಿಕೆಗಳೂ ವಂಚಕ ಕಲಿಸಿದವಲ್ಲ, ಅವನು ಫೋನು ಮಾಡುವ ಮೊದಲೇ ನಮ್ಮಲ್ಲಿದ್ದವು. ಕಚೇರಿಗಳಲ್ಲಿ ನಾವು ಕಂಡುಂಡ ಅನುಭವದಿಂದ ಬಂದವು. ಮಧ್ಯಮ ವರ್ಗ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಎಷ್ಟು ಹೆದರುತ್ತದೋ ಅಷ್ಟು ಮಟ್ಟಿಗೆ ಈ ವ್ಯಾಪಾರ ನಡೆಯುತ್ತದೆ. ಸೈಬರ್ ಜಾಗೃತಿ ಎಂದು ಕಂಪನಿಗಳು ವರ್ಷಕ್ಕೊಮ್ಮೆ ತೋರಿಸುವ ಸ್ಲೈಡುಗಳಲ್ಲಿ ಅನುಮಾನದ ಲಿಂಕ್ ಒತ್ತಬೇಡಿ ಎಂದಿರುತ್ತದೆ. ಪೊಲೀಸರು ಕರೆದರೆ ನಿಮಗಿರುವ ಹಕ್ಕೇನು ಎಂಬ ಸ್ಲೈಡನ್ನು ನಾನಂತೂ ನೋಡಿಲ್ಲ.

ಹಾಗೆಂದು ಕಣ್ಗಾವಲನ್ನು ಈ ಭಾಗದ ಜನ ದ್ವೇಷಿಸುತ್ತಾರೆ ಎಂದರೆ ತಪ್ಪಾಗುತ್ತದೆ. 2005ರ ಡಿಸೆಂಬರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್‌ಸೆಂಟರ್ ಉದ್ಯೋಗಿಯೊಬ್ಬರನ್ನು ಕರೆದೊಯ್ಯಲು ಬಂದ ಕ್ಯಾಬ್ ಚಾಲಕನೇ ಕೊಂದುಹಾಕಿದ. ಆಮೇಲೆ ಕ್ಯಾಬಿಗೆ ಜಿಪಿಎಸ್, ಹೆಣ್ಣುಮಕ್ಕಳು ಮೊದಲು ಹತ್ತುವ, ಕೊನೆಗೆ ಇಳಿಯುವ ಹಾಗಿದ್ದರೆ ಜತೆಗೊಬ್ಬ ಕಾವಲಿನವ, ಮನೆ ತಲುಪಿದ ಮೇಲೆ ಕರೆ ಇವೆಲ್ಲ ಬಂದವು. ರಾತ್ರಿ ಎರಡಕ್ಕೆ ಹೊಸೂರು ರಸ್ತೆಯಲ್ಲಿ ಮನೆಗೆ ಹೋಗುವ ಹೆಣ್ಣುಮಗಳಿಗೆ ತಾನೆಲ್ಲಿದ್ದೇನೆಂದು ಯಾರಿಗೋ ಕಾಣುತ್ತಿರುವುದು ನೆಮ್ಮದಿ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ನಗರಕ್ಕೆ ಸಾವಿರಾರು ಕ್ಯಾಮೆರಾ ಬಂದಾಗ ಖಾಸಗಿತನದ ಹೋರಾಟಗಾರರು ಎತ್ತಿದ ಆಕ್ಷೇಪಕ್ಕೆ ಹೆಂಗಸರಿಂದ ಹೆಚ್ಚಿನ ಬೆಂಬಲ ಸಿಗದಿದ್ದುದು ಇದೇ ಕಾರಣಕ್ಕಿರಬೇಕು. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಂತೆ ನೂರು ಮಂದಿ ಒಟ್ಟಿಗೆ ಸೇರುವ ಜಾಗಗಳಿಗೆಲ್ಲ ಕ್ಯಾಮೆರಾ ಕಡ್ಡಾಯ, ದೃಶ್ಯವನ್ನು 30 ದಿನ ಇಟ್ಟಿರಬೇಕು. ಸಿಗ್ನಲ್ ಕ್ಯಾಮೆರಾ ಲಂಚ ಕೇಳುವುದಿಲ್ಲ ಎಂದು ಹೊಗಳುವವರೂ ದಂಡದ ಮೆಸೇಜು ಬಂದರೆ ಕಟ್ಟುವುದಿಲ್ಲ. ಶೇ 50 ರಿಯಾಯಿತಿ ಘೋಷಣೆಯಾದಾಗ ಸಾಲುಗಟ್ಟುತ್ತಾರೆ. 2023ರಲ್ಲೂ 2025ರಲ್ಲೂ ನೂರು ಕೋಟಿ ದಾಟಿ ವಸೂಲಾಯಿತು. ಕಾನೂನಿನ ಬಗ್ಗೆ ನಮ್ಮ ಜನರ ಅಭಿಪ್ರಾಯವನ್ನು ಯಾವ ಸಮೀಕ್ಷೆಗಿಂತಲೂ ಆ ಸಾಲು ಚೆನ್ನಾಗಿ ಹೇಳುತ್ತದೆ.

ಅಪಾರ್ಟ್‌ಮೆಂಟಿನ ಗೇಟಿಗೆ ಬಂದರೆ ಚಿತ್ರ ಬದಲಾಗುತ್ತದೆ. ವರ್ತೂರು, ಕಾಡುಗೋಡಿ ಕಡೆಯಿಂದ ಮನೆಗೆಲಸಕ್ಕೆ ಬರುವ ಹೆಂಗಸು ಗೇಟಿನ ಆ್ಯಪಿಗೆ ಆರಂಕಿಯ ಕೋಡು ಒತ್ತಬೇಕು. ಎಷ್ಟಕ್ಕೆ ಬಂದಳು, ಯಾವ ಮನೆಗೆ ಹೋದಳು, ಎಷ್ಟಕ್ಕೆ ಹೊರಟಳು ಎಂಬುದು ಅಕ್ಕಪಕ್ಕದ ಎಲ್ಲ ಮನೆಯವರ ಫೋನಿನಲ್ಲಿ ಕಾಣುತ್ತದೆ. ಕೆಲವು ಕಡೆ ಅವಳಿಗೆ ನಕ್ಷತ್ರದ ಅಂಕವೂ ಉಂಟು. ಕಚೇರಿಯ ಲ್ಯಾಪ್‌ಟಾಪಿನಲ್ಲಿ ತನ್ನ ಕೀಲಿ ಒತ್ತಿದ್ದನ್ನೆಲ್ಲ ಎಣಿಸುತ್ತಾರೆಂದು ಕಿಡಿಕಾರುವ ಎಂಜಿನಿಯರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅವಳು ಮನೆಯವರಿಗೆ ಅಂಕ ಕೊಡುವ ವ್ಯವಸ್ಥೆಯನ್ನು ಅಂಥ ಯಾವ ಆ್ಯಪಿನಲ್ಲೂ ನಾನು ಕಂಡಿಲ್ಲ. ಯಾವ ಮನೆಯವರು ಸಂಬಳ ತಡಮಾಡುತ್ತಾರೆ, ಯಾವ ಮನೆಯಲ್ಲಿ ನೀರು ಕೊಡುವ ಲೋಟ ಬೇರೆ ಎಂಬ ಮಾಹಿತಿ ಬಸ್‌ಸ್ಟಾಪಿನಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ಅದು ಹೆಚ್ಚು ನಂಬಿಕಸ್ಥವೂ ಹೌದು.

2020ರ ಮಾರ್ಚಿನಲ್ಲಿ ಸ್ವಲ್ಪ ಕಾಲ ಎಲ್ಲರೂ ಆ ಹೆಂಗಸಿನ ಸ್ಥಾನದಲ್ಲಿದ್ದರು. ಮನೆಯಲ್ಲೇ ಪ್ರತ್ಯೇಕವಾಗಿರುವವರು ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ರಾಜ್ಯ ಸರ್ಕಾರ ‘ಕ್ವಾರಂಟೈನ್ ವಾಚ್’ ಆ್ಯಪ್ ತಂದಿತು. ವಿದೇಶದಿಂದ ಬಂದವರ ವಿಳಾಸಗಳ ಪಟ್ಟಿಯನ್ನೂ ಬಹಿರಂಗವಾಗಿ ಹಾಕಿತು. ಕೈಗೆ ಮೊಹರು, ಬಾಗಿಲಿಗೆ ಚೀಟಿ. ಐಟಿ ಬಡಾವಣೆಗಳ ಎಷ್ಟೋ ಮಂದಿಗೆ ಸರ್ಕಾರದ ಕೈ ತಮ್ಮ ಹೊಸ್ತಿಲವರೆಗೂ ಬರಬಲ್ಲದೆಂದು ತಿಳಿದದ್ದು ಆಗ. ಅದೇ ಸಮಯದ ಆರೋಗ್ಯ ಸೇತು ಆ್ಯಪಿನ ವಿಚಾರ ಬೆಂಗಳೂರಿನವರೊಬ್ಬರ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಬಳಕೆದಾರರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಮಾಹಿತಿ ಹಂಚಬಾರದೆಂದು 2021ರ ಜನವರಿಯಲ್ಲಿ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಹೆಸರು ಕೊಟ್ಟವರು ಬೆಂಗಳೂರಿನವರು ಎಂಬುದು ಇಲ್ಲಿ ಎಷ್ಟು ಮಂದಿಗೆ ಗೊತ್ತೋ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಎಂಬತ್ತು ದಾಟಿದ್ದರು. 2024ರ ಅಕ್ಟೋಬರಿನಲ್ಲಿ 98ರ ವಯಸ್ಸಿನಲ್ಲಿ ತೀರಿಕೊಂಡರು. ಆಧಾರ್ ಕಟ್ಟಿದ ನಂದನ್ ನಿಲೇಕಣಿಯೂ ಇದೇ ಊರಿನವರು, ಎಲೆಕ್ಟ್ರಾನಿಕ್ ಸಿಟಿಯ ಅತಿ ಪ್ರಸಿದ್ಧ ಕಂಪನಿಯ ಸ್ಥಾಪಕರಲ್ಲೊಬ್ಬರು. ಒಂದೇ ಊರು ಯೋಜನೆಯನ್ನೂ ಕೊಟ್ಟಿತು, ಅದನ್ನು ಪ್ರಶ್ನಿಸಿದವರನ್ನೂ ಕೊಟ್ಟಿತು.

2018ರ ಸೆಪ್ಟೆಂಬರಿನ ತೀರ್ಪು ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದಿತು. ಆದರೆ ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆಯ ಯಾವ ಪಿಜಿಗೆ ಹೋದರೂ ಮೊದಲ ಮಾತು ಆಧಾರ್ ಜೆರಾಕ್ಸ್. ಆ ಜೆರಾಕ್ಸುಗಳ ಕಟ್ಟು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವನಿಗೆ ರೂಮು ಸಿಗುವುದಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಆಧಾರ್ ನಕಲನ್ನು ಕಂಡಕಂಡವರಿಗೆ ಕೊಡಬೇಡಿ, ಅಂಕಿ ಮರೆಮಾಡಿದ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾದರು. ತಪ್ಪರ್ಥಕ್ಕೆ ಎಡೆಯಾಗುತ್ತದೆಂದು ದೆಹಲಿಯ ಸಚಿವಾಲಯ 29ರಂದು ಅದನ್ನು ಹಿಂತೆಗೆದುಕೊಂಡಿತು. ಸಲಹೆ ಸರಿಯಾಗಿಯೇ ಇತ್ತು ಎಂಬುದು ನನ್ನ ಎಣಿಕೆ. ಹಿಂತೆಗೆದ ಮೇಲೆ ಉಳಿದದ್ದು ಗೊಂದಲ ಮಾತ್ರ.

ಪೀಣ್ಯದಲ್ಲಿ ಆಧಾರ್ ಎಂದರೆ ಬೇರೆಯೇ ತಾಪತ್ರಯ. ಲೇತ್, ಗ್ರೈಂಡಿಂಗ್, ಪ್ಲೇಟಿಂಗ್ ಕೆಲಸದಲ್ಲಿ ವರ್ಷಗಟ್ಟಲೆ ಬೆರಳು ಸವೆಸಿಕೊಂಡವರ ಗೆರೆಯನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಕೂಲಂಟ್ ಎಣ್ಣೆಯಲ್ಲಿ ನೆನೆದ ಕೈ, ಸಿಮೆಂಟಿನ ಕೈ, ಸೋಪಿನ ನೀರಿನ ಕೈ ಎಲ್ಲಕ್ಕೂ ಇದೇ ಪಾಡು. ಬೆರಳು ಒರೆಸಿ, ಹಣೆಗೆ ತಿಕ್ಕಿ, ಮತ್ತೆ ಒತ್ತಿ. ಆಗಲಿಲ್ಲವೆಂದರೆ ಒಟಿಪಿ, ಆ ನಂಬರು ಹಳೆಯ ಸಿಮ್ಮಿನದು. ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಗೃಹಲಕ್ಷ್ಮಿಯ ಎರಡು ಸಾವಿರ ಬರಲು ಖಾತೆ ಆಧಾರಿಗೆ ಜೋಡಣೆಯಾಗಿರಬೇಕು, ಆಗಿಲ್ಲದಿದ್ದರೆ ಕೆಲಸಕ್ಕೆ ರಜೆ ಹಾಕಿ ಬ್ಯಾಂಕಿಗೆ ಹೋಗಬೇಕು. ಇಷ್ಟಾದರೂ ಈ ಕಾರ್ಮಿಕರಲ್ಲಿ ಆಧಾರ್ ಬೇಡವೆನ್ನುವವರು ಕಡಿಮೆ. ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲಿರುವವರಿಗೆ ತಾನು ಇಂಥವನೆಂದು ತೋರಿಸುವ ಕಾಗದ ಅದೊಂದೇ. ನಡುವೆ ಯಾರೂ ದುಡ್ಡು ಹೊಡೆಯದೆ ಹಣ ಖಾತೆಗೆ ಬೀಳುತ್ತದೆ ಎಂಬುದನ್ನೂ ಅವರು ಕಂಡಿದ್ದಾರೆ. ಯಂತ್ರ ಒಪ್ಪದ ದಿನ ಮನುಷ್ಯನೊಬ್ಬ ಒಪ್ಪುವಂತಿರಬೇಕು, ಅಷ್ಟೇ ಅವರ ಕೋರಿಕೆ.

ಸರ್ಕಾರದ ಶಕ್ತಿಯ ಬಗ್ಗೆ ಕಾರ್ಮಿಕರ ಅಭಿಪ್ರಾಯ ತಿಳಿಯಬೇಕಾದರೆ 2016ರ ಏಪ್ರಿಲ್ 18, 19ನ್ನು ನೆನೆಯಬೇಕು. 58 ವರ್ಷ ತುಂಬುವ ತನಕ ಪಿಎಫ್‌ನ ಒಂದು ಪಾಲನ್ನು ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ಸುದ್ದಿ ಪತ್ರಿಕೆಯಲ್ಲಿ ಓದಿ, ಫೋನಿನಿಂದ ಫೋನಿಗೆ ಹಬ್ಬಿ, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೂ ಪೀಣ್ಯ, ಜಾಲಹಳ್ಳಿಗೂ ಇಳಿದರು. ಮುಂದಾಳು ಯಾರೆಂದು ಪೊಲೀಸರಿಗೆ ಗೊತ್ತಾಗಲಿಲ್ಲ, ಇರಲೂ ಇಲ್ಲ. ಲಾಠಿ ಬೀಸಿದರು, ಬಸ್ಸುಗಳು ಸುಟ್ಟವು. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. ಅದೇ ಹೊಸೂರು ರಸ್ತೆಯ ಮೇಲ್ಸೇತುವೆಯಲ್ಲಿ ಕಂಪನಿ ಬಸ್ಸುಗಳಲ್ಲಿ ಸಿಕ್ಕಿಕೊಂಡ ಸಾಫ್ಟ್‌ವೇರ್ ಉದ್ಯೋಗಿಗಳ ಪಿಎಫ್‌ಗೂ ಅದೇ ನಿಯಮ ಅನ್ವಯಿಸುತ್ತಿತ್ತು. ಅವರ ಪಾಲಿನ ಜಗಳವನ್ನೂ ಹೊಲಿಗೆಯವರೇ ಆಡಿದರು.

ಮತ ಮತ್ತು ಮಾಹಿತಿಯ ವಿಷಯದಲ್ಲಿ ವೈಟ್‌ಫೀಲ್ಡ್ ಒಳಗೊಂಡ ಮಹದೇವಪುರ ಕ್ಷೇತ್ರ ಎರಡು ಸಲ ಸುದ್ದಿಯಾಯಿತು. 2022ರಲ್ಲಿ ಮತದಾರರ ಜಾಗೃತಿಗೆಂದು ಬಿಬಿಎಂಪಿ ಅನುಮತಿ ಪಡೆದ ‘ಚಿಲುಮೆ’ ಸಂಸ್ಥೆಯ ಹುಡುಗರು ಮತಗಟ್ಟೆ ಅಧಿಕಾರಿಗಳ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಯ ಮಾಹಿತಿ ಸಂಗ್ರಹಿಸಿದ ಪ್ರಕರಣ ಆ ವರ್ಷದ ನವೆಂಬರಿನಲ್ಲಿ ಹೊರಬಿತ್ತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮರುಪರಿಶೀಲಿಸಲು ಚುನಾವಣಾ ಆಯೋಗ ಹೇಳಿತು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. 2025ರ ಆಗಸ್ಟಿನಲ್ಲಿ ರಾಹುಲ್ ಗಾಂಧಿ ಇದೇ ಕ್ಷೇತ್ರದ ಪಟ್ಟಿಯನ್ನು ಮುಂದಿಟ್ಟು ಮತಗಳ್ಳತನದ ಆರೋಪ ಮಾಡಿದರು, ಆಯೋಗ ಅಲ್ಲಗಳೆಯಿತು. ಇತ್ತ ಪೀಣ್ಯದ ಮಗ್ಗುಲಲ್ಲೇ ಇರುವ ಜಾಲಹಳ್ಳಿಯ ಬಿಇಎಲ್, ದೇಶದ ಮತಯಂತ್ರಗಳನ್ನು ಮಾಡುವ ಎರಡು ಸಂಸ್ಥೆಗಳಲ್ಲೊಂದು. ಯಂತ್ರವನ್ನು ಕೈಯಲ್ಲಿ ಜೋಡಿಸಿದವರ ಮನೆಗಳಲ್ಲೇ ಯಂತ್ರದ ಬಗ್ಗೆ ಪಕ್ಷವಾರು ಅಭಿಪ್ರಾಯವಿದೆ. ಸೋತ ಪಕ್ಷದವರಿಗೆ ಅನುಮಾನ, ಗೆದ್ದವರಿಗೆ ನಂಬಿಕೆ, ಮುಂದಿನ ಸಲ ಅದಲುಬದಲು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳಿಗೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಿತು. ನನಗನಿಸುವಂತೆ ಜಗಳ ಯಂತ್ರದ ಸುತ್ತ ನಡೆದು ಪಟ್ಟಿ ಮರೆಗೆ ಸರಿಯಿತು. ಬಾಡಿಗೆದಾರರು ವರ್ಷವರ್ಷ ಮನೆ ಬದಲಿಸುವ ಈ ಭಾಗದಲ್ಲಿ ಪಟ್ಟಿಯೇ ಹೆಚ್ಚು ಕಷ್ಟದ ವಿಷಯ.

ವಿಜ್ಞಾನದ ಬಗ್ಗೆ ಇಲ್ಲಿ ಹೆಮ್ಮೆಗೆ ಕೊರತೆಯಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಅದನ್ನು ನಿಯಂತ್ರಿಸುತ್ತಿದ್ದುದು ಪೀಣ್ಯದಲ್ಲಿರುವ ಇಸ್ರೊದ ಇಸ್ಟ್ರಾಕ್ ಕೇಂದ್ರ. ಮೂರು ದಿನದ ನಂತರ ಪ್ರಧಾನಿ ಅಲ್ಲಿಗೆ ಬಂದಾಗ ಜಾಲಹಳ್ಳಿ ಕ್ರಾಸಿನಲ್ಲಿ ಬೆಳ್ಳಂಬೆಳಗ್ಗೆಯೇ ಜನ ನೆರೆದಿದ್ದರು. ಆಯುಧಪೂಜೆಯ ದಿನ ಅದೇ ಪೀಣ್ಯದಲ್ಲಿ ಸಿಎನ್‌ಸಿ ಯಂತ್ರಕ್ಕೆ ಬೂದುಗುಂಬಳ ಒಡೆಯುವುದರಲ್ಲಿ ಯಾರಿಗೂ ವಿರೋಧಾಭಾಸ ಕಾಣುವುದಿಲ್ಲ, ನನಗೂ ಅಷ್ಟಾಗಿ ಕಾಣದು. ವರ್ಷವಿಡೀ ದುಡಿದ ಯಂತ್ರವನ್ನು ಒರೆಸಿ ಒಂದು ದಿನ ಸುಮ್ಮನಿರಿಸುವುದು ಒಳ್ಳೆಯದೇ.

ಪ್ರಶ್ನೆ ಕೇಳುವ ವಿಜ್ಞಾನದ ಕಥೆ ಬೇರೆ. ಗೌರಿಬಿದನೂರು ಕಡೆಯ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ (ಎಚ್ಚೆನ್) ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ಮಾಡಿದರು. ತಮ್ಮ ಪವಾಡಗಳನ್ನು ಸಮಿತಿಯ ಮುಂದೆ ಮಾಡಿ ತೋರಿಸುವಂತೆ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಬಾಬಾ ಅವರ ಬೃಂದಾವನ ಆಶ್ರಮ ಇದ್ದದ್ದು ವೈಟ್‌ಫೀಲ್ಡಿನ ಕಾಡುಗೋಡಿಯಲ್ಲೇ. ಅವರು ಒಪ್ಪಲಿಲ್ಲ. ಎಚ್ಚೆನ್ ಅವಧಿ ಮುಗಿಯುತ್ತಿದ್ದಂತೆ ಸಮಿತಿಯೂ ಮುಗಿಯಿತು. 2001ರಲ್ಲಿ ಅದೇ ವೈಟ್‌ಫೀಲ್ಡಿನಲ್ಲಿ ಬಾಬಾ ಹೆಸರಿನ ಆಸ್ಪತ್ರೆ ಶುರುವಾಗಿ ಬಡವರಿಗೆ ಹೃದಯದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡತೊಡಗಿತು. ಅಲ್ಲಿ ಸಾಲು ನಿಂತವರಿಗೆ ಎಚ್ಚೆನ್ ವಾದ ಹೇಳುವುದು ಸುಲಭವಲ್ಲ. ಅವರು ಬಂದಿರುವುದು ಬಿಲ್ಲಿಲ್ಲದ ಆಪರೇಷನ್ನಿಗೆ, ಪವಾಡಕ್ಕಲ್ಲ. ವಿಜ್ಞಾನವನ್ನು ಬಡವರಿಗೆ ದೂರ ಮಾಡುವುದರಲ್ಲಿ ಮೂಢನಂಬಿಕೆಗಿಂತ ಆಸ್ಪತ್ರೆಯ ಬಿಲ್ಲಿನ ಪಾಲು ದೊಡ್ಡದು ಎಂದು ನನಗೆ ಬಹಳ ಸಲ ಅನಿಸಿದೆ. ಹೊಸ ಕಾಲದ ಮೂಢನಂಬಿಕೆಯೂ ಇಲ್ಲದಿಲ್ಲ: 2021ರಲ್ಲಿ 5ಜಿ ಟವರಿನಿಂದ ಕೊರೊನಾ ಬರುತ್ತದೆಂಬ ಸುದ್ದಿ ಹಬ್ಬಿ, ದೂರಸಂಪರ್ಕ ಇಲಾಖೆ ಅಂಥದ್ದೇನೂ ಇಲ್ಲ ಎಂದು ಹೇಳಿಕೆ ಕೊಡಬೇಕಾಯಿತು. ಆಗ ಭಾರತದಲ್ಲಿ 5ಜಿ ಸೇವೆಯೇ ಬಂದಿರಲಿಲ್ಲ.

ವದಂತಿಯ ಲೆಕ್ಕದಲ್ಲಿ ಈ ನಗರ ಕಂಡ ಅತಿ ದೊಡ್ಡದು 2012ರ ಆಗಸ್ಟಿನದು. ಈಶಾನ್ಯದವರ ಮೇಲೆ ದಾಳಿಯಾಗುತ್ತದೆಂಬ ಎಸ್‌ಎಂಎಸ್‌, ಎಲ್ಲಿಯದೋ ಚಿತ್ರಗಳು. ಐಟಿ ಪಾರ್ಕುಗಳ ಗೇಟಿನಲ್ಲಿ ಕಾವಲಿದ್ದ ಹುಡುಗರು, ಹೋಟೆಲು, ಬ್ಯೂಟಿ ಪಾರ್ಲರಿನವರು ಸಂಬಳವನ್ನೂ ಕೇಳದೆ ರೈಲ್ವೆ ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಗೃಹಮಂತ್ರಿಯಾಗಿದ್ದ ಆರ್. ಅಶೋಕ ನಿಲ್ದಾಣಕ್ಕೇ ಹೋಗಿ ಹೋಗಬೇಡಿ ಎಂದು ಕೇಳಿಕೊಂಡರು. ಕೇಂದ್ರ ಸರ್ಕಾರ ಕೆಲವು ದಿನ ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್‌ ಕಳಿಸದಂತೆ ಮಾಡಿತು. ಆರು ವರ್ಷದ ನಂತರ ಮಕ್ಕಳ ಕಳ್ಳರ ವಾಟ್ಸ್‌ಆ್ಯಪ್ ವಿಡಿಯೊದಿಂದ ಬೆಂಗಳೂರಿನ ಪೇಟೆಯಲ್ಲಿ ರಾಜಸ್ಥಾನದ ಯುವಕ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಜನರ ಗುಂಪಿನ ಕೈಯಲ್ಲಿ ಸತ್ತರು. ಅದಾದ ಮೇಲೆ ವಾಟ್ಸ್‌ಆ್ಯಪ್ ಫಾರ್ವರ್ಡ್ ಮಿತಿ ಐದಕ್ಕೆ ಇಳಿಯಿತು. 2025ರಲ್ಲಿ ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಎನ್ನುವ ರಾಜ್ಯದ ಕರಡು ಮಸೂದೆ ಹೊರಬಿತ್ತು. ಯಾವುದು ಸುಳ್ಳು ಎಂದು ತೀರ್ಮಾನಿಸುವವರು ಸರ್ಕಾರ ನೇಮಿಸಿದವರೇ ಆದರೆ ಆಳುವವರಿಗೆ ಬೇಡದ ಸುದ್ದಿಯೇ ಮೊದಲು ಸುಳ್ಳಾಗುತ್ತದೆ. ಹಾಗಾಗಿ ಆ ಕರಡಿನ ಬಗ್ಗೆ ನನಗೆ ಒಲವಿಲ್ಲ. 2012ರಲ್ಲಿ ಜನ ಓಡಿದ್ದು ಎಸ್‌ಎಂಎಸ್‌ ನಂಬಿ, ನಿಜ. ಆದರೆ ಏನಾದರೂ ಆದರೆ ಪೊಲೀಸರು ತಮ್ಮ ಪರ ನಿಲ್ಲುವುದಿಲ್ಲ ಎಂಬ ನಂಬಿಕೆಯೂ ಜತೆಗಿತ್ತಲ್ಲ.

ಸೈಬರ್ ಮೋಸಕ್ಕೆ 1930 ಎಂಬ ನಂಬರು ಬಂದದ್ದು ಒಳ್ಳೆಯದಾಯಿತು. ಒಂದೆರಡು ಗಂಟೆಯೊಳಗೆ ಕರೆ ಮಾಡಿದರೆ ಹಣ ಮುಂದಕ್ಕೆ ಹೋಗುವುದನ್ನು ತಡೆಯಲು ಸಾಧ್ಯ. ಅದರ ಇನ್ನೊಂದು ಮಗ್ಗುಲು ಕಡಿಮೆ ಚರ್ಚೆಯಾಗಿದೆ. ಕದ್ದ ಹಣ ಐದಾರು ಕೈ ದಾಟಿ, ಅದರಲ್ಲಿ ನೂರಿನ್ನೂರು ರೂಪಾಯಿ ಒಬ್ಬ ಎಳನೀರಿನವನಿಗೆ ಬಂದರೆ ಅವನ ಇಡೀ ಖಾತೆ ಬಂದ್ ಆಗಬಹುದು. ದೂರು ದಾಖಲಾದದ್ದು ಯಾವುದೋ ರಾಜ್ಯದ ಯಾವುದೋ ಠಾಣೆಯಲ್ಲಿ. ಬ್ಯಾಂಕಿನವರು ಆ ಠಾಣೆಯ ಇಮೇಲ್ ವಿಳಾಸ ಬರೆದುಕೊಡುತ್ತಾರೆ. ಮಾಲು ತರಲು ದುಡ್ಡಿಲ್ಲದೆ ನಿಂತವನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ತಾನು ನಿರಪರಾಧಿ ಎಂದು ಬರೆಯಬೇಕು.

ಈ ಎಲ್ಲದರ ನಡುವೆ ಸ್ವಲ್ಪ ಬೇರೆ ದಾರಿ ಹಿಡಿದದ್ದು ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ರಾಜ್ಯ ತಂದ 2025ರ ಕಾಯ್ದೆ. ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳ ಮುಂದೆ ಬೈಕಿನ ಮೇಲೆ ಆರ್ಡರಿಗೆ ಕಾಯುವ ಹುಡುಗರಿಗೆ ಪೊಲೀಸರಿಗಿಂತಲೂ ಹೆಚ್ಚಿನ ಭಯ ಐಡಿ ಬ್ಲಾಕ್ ಆಗುವುದರದು. ಗಿರಾಕಿ ಕೊಟ್ಟ ಒಂದು ದೂರು, ಸೆಲ್ಫಿಯಲ್ಲಿ ಮುಖ ಹೊಂದದಿರುವುದು, ಏನಾದರೂ ಸಾಕು. ಆ್ಯಪಿನ ಚಾಟ್ ಪೆಟ್ಟಿಗೆ ಒಂದೇ ಉತ್ತರವನ್ನು ಮತ್ತೆ ಮತ್ತೆ ಕಳಿಸುತ್ತದೆ. ಹೊಸ ಕಾಯ್ದೆ ಪ್ರತಿ ವಹಿವಾಟಿನ ಪಾವತಿಯ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಹಾಕುತ್ತದೆ, ಪತ್ರಿಕೆಗಳು ಹೆಚ್ಚು ಬರೆದದ್ದು ಅದರ ಬಗ್ಗೆ. ನನಗೆ ಮುಖ್ಯವೆನಿಸಿದ್ದು ಬೇರೆ ಕಲಮು: ಕೆಲಸದಿಂದ ತೆಗೆಯುವ ಮೊದಲು ಲಿಖಿತ ಕಾರಣ ಕೊಡಬೇಕು, 14 ದಿನದ ನೋಟಿಸು ಕೊಡಬೇಕು. ಕೆಲಸ ಹಂಚುವ, ಅಂಕ ಹಾಕುವ ಯಂತ್ರದ ಲೆಕ್ಕಾಚಾರ ತನ್ನ ದುಡಿಮೆಯನ್ನು ಹೇಗೆ ತಟ್ಟುತ್ತದೆಂದು ಕೇಳುವ ಹಕ್ಕೂ ಅವನಿಗಿದೆ. ಐಡಿ ಬ್ಲಾಕಾದ ದಿನ ಸವಾರನೊಬ್ಬ ಈ ಕಲಮು ಹಿಡಿದು ಹೋದಾಗ ಕಂಪನಿ ಏನು ಉತ್ತರ ಕೊಡುತ್ತದೆ, ಎಷ್ಟು ದಿನದಲ್ಲಿ ಕೊಡುತ್ತದೆ, ಅದನ್ನು ಕನ್ನಡದಲ್ಲಿ ಕೊಡುತ್ತದೆಯೇ ಎಂಬುದನ್ನು ಇನ್ನು ನೋಡಬೇಕು.